ಅಬ್ಬಾಸ್ ಅಲಿ ಕುಡಿದಿರಲಿಲ್ಲ

ಶಿವಮೊಗ್ಗದ ಸುತ್ತಮುತ್ತ ಜೀಪು ಕೊಂಡವರು ಆ ಕಾಲದಲ್ಲಿ ಎರಡು ಕಡೆಗೆ ತಪ್ಪದೆ ಹೋಗುತ್ತಿದ್ದರು. ಮೊದಲು ಕೋಟೆ ಆಂಜನೇಯನ ಗುಡಿಯ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸುವುದು. ಅಲ್ಲಿಂದ ನೇರ ಗಾಂಧಿಬಜಾರಿನ ಬಾಬು ಸಾಬರ ಟಾರ್ಪಾಲು ಅಂಗಡಿಗೆ ಬಂದು ಅಮೀನಾ ಬೀ ಕೈಯಲ್ಲಿ ಹುಡ್ ಹೊಲಿಸುವುದು. ಹುಡ್ ಎಂದರೆ ಜೀಪಿನ ತಲೆಯ ಮೇಲಿನ ಕ್ಯಾನ್ವಾಸ್ ಹೊದಿಕೆ. ನಮ್ಮ ಕಡೆಯ ಮಳೆಗೆ ಅದಿಲ್ಲದ ಜೀಪು ಇದ್ದೂ ಇಲ್ಲದ ಹಾಗೆ.

ಅಮೀನಾ ಬೀ ಮಾತಿಲ್ಲದೆ ಜೀಪಿನ ಸುತ್ತ ಒಂದು ಸುತ್ತು ಬರುತ್ತಿದ್ದಳು. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆಯುತ್ತಿದ್ದಳು. ಗಾಡಿ ಕೊಂಡವನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಅವಳು ಕತ್ತರಿ ಕೈಗೆತ್ತಿಕೊಂಡರೆ ಜೀಪು ಒಳ್ಳೆಯದು. ಟೇಪು ಸುತ್ತಿ ಪಕ್ಕಕ್ಕಿಟ್ಟಳೋ, ಆ ಜೀಪು ಕೊಂಡಲ್ಲಿಗೇ ವಾಪಸ್ಸು. ಬಜಾರಿನಲ್ಲಿ ತಟ್ಟಿಯ ಮರೆಯಲ್ಲಿ ಕೂತು ಹೊಲಿಯುವ ಒಬ್ಬ ಹೆಂಗಸಿಗೆ ಇಷ್ಟು ಜೋರು ಬಂದದ್ದು ಸುಮ್ಮನೆ ಅಲ್ಲ. ಅದರ ಹಿಂದೆ ಒಂದು ಸಾವು ಇತ್ತು, ಸಾವಿಗಿಂತ ಕೆಟ್ಟ ಒಂದು ಮಾತು ಇತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ಜೀಪುಗಳು ಹರಾಜಾಗಿ ಊರೂರಿಗೆ ಹರಡಿದ್ದವು. ಐವತ್ತರ ದಶಕದ ಕೊನೆಗೆ ಶರಾವತಿ ಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಜೋರಾದಾಗ ಜೀಪಿಗೆ ಬಂದ ಬೇಡಿಕೆ ಹೇಳತೀರದು. ಕಂಟ್ರಾಕ್ಟರಿಗೆ ಬೇಕು, ನಾಟಾ ವ್ಯಾಪಾರಿಗೆ ಬೇಕು, ಗದ್ದೆ ಬಯಲಿನ ಸಾಹುಕಾರನಿಗೆ ಬೇಕು. ಬೊಂಬಾಯಿಯಿಂದ ಬರುವ ಹೊಸ ಜೀಪಿಗೆ ಹೆಸರು ಬರೆಸಿದವರು ಕಾದೂ ಕಾದೂ ಸುಸ್ತಾಗುತ್ತಿದ್ದರು. ಕಾಯಲಾರದವರ ಪಾಲಿಗೆ ಬಿ.ಎಚ್. ರಸ್ತೆಯಲ್ಲಿ ವೀರಪ್ಪನ ಷೆಡ್ಡು ಇತ್ತು.

ಜೀಪು ವೀರಪ್ಪನೆಂದರೆ ಊರಿಗೆಲ್ಲ ಬೇಕಾದವನು. ಹೆಗಲ ಮೇಲೆ ಶಲ್ಯ, ಬಾಯಿತುಂಬ ಎಲೆಅಡಿಕೆ. ಬಂದವರನ್ನು "ಬನ್ನಿ ಮಾರಾಯ್ರೇ, ಕೊಳ್ಳದಿದ್ರೆ ಪರವಾಗಿಲ್ಲ, ಕಾಫಿ ಕುಡೀರಿ" ಎಂದೇ ಕೂರಿಸುವವನು. ಕೊಳ್ಳದೆ ಎದ್ದವರು ಕಡಿಮೆ. ಆದರೆ ಹರಾಜಿನಲ್ಲಿ ಅವನು ಕೊಳ್ಳುತ್ತಿದ್ದುದು ಓಡುವ ಗಾಡಿಗಳನ್ನಲ್ಲ. ಮೂತಿ ಜಜ್ಜಿದ್ದೊಂದು, ಬೆನ್ನು ಮುರಿದದ್ದೊಂದು ತಂದು, ಒಂದರ ಹಿಂಭಾಗಕ್ಕೆ ಇನ್ನೊಂದರ ಮುಂಭಾಗ ಬೆಸೆಸಿ, ಬೆಸುಗೆಯ ಮೇಲೆ ಪುಟ್ಟಿ ಮೆತ್ತಿಸಿ, ದಪ್ಪನಾಗಿ ಹಸಿರು ಬಣ್ಣ ಹೊಡೆಸಿ ನಿಲ್ಲಿಸುತ್ತಿದ್ದ. ನೋಡಿದವರ ಕಣ್ಣಿಗೆ ನಿನ್ನೆ ಹುಟ್ಟಿದ ಜೀಪು. ಬೆಸುಗೆಯ ಕೆಲಸವನ್ನು ಶಿವಮೊಗ್ಗದಲ್ಲಿ ಮಾಡಿಸುತ್ತಿರಲಿಲ್ಲವಾದ್ದರಿಂದ ಊರಿಗೆ ಇದರ ಸುಳಿವಿರಲಿಲ್ಲ.

ಅಮೀನಾಳ ಗಂಡ ಅಬ್ಬಾಸ್ ಅಲಿ ಈ ವೀರಪ್ಪನ ಹತ್ತಿರ ಡ್ರೈವರಾಗಿದ್ದ. ಮಾರಿದ ಜೀಪನ್ನು ಕೊಂಡವರ ಮನೆಗೆ ಮುಟ್ಟಿಸಿ ಬರುವುದು ಅವನ ಕೆಲಸ. ಐದು ಹೊತ್ತಿನ ನಮಾಜು ತಪ್ಪಿಸದ, ಬೀಡಿಯನ್ನೂ ಮುಟ್ಟದ ಮನುಷ್ಯ. ಅವನಿಗಿದ್ದ ಒಂದೇ ಚಟವೆಂದರೆ ದಾರಿಯಲ್ಲಿ ಸಿಕ್ಕ ಕಾಡುಹಣ್ಣನ್ನು ಟವೆಲ್ಲಿನಲ್ಲಿ ಕಟ್ಟಿ ಮಗಳು ಶಮೀಮಳಿಗೆ ತರುವುದು.

ಮಳೆ ಹಿಂದಾಗಿದ್ದ ಒಂದು ಬೆಳಗ್ಗೆ, ಕಾರ್ಗಲ್ಲಿನ ಕಂಟ್ರಾಕ್ಟರೊಬ್ಬರಿಗೆ ಜೀಪು ಮುಟ್ಟಿಸಲು ಹೊರಟವನು ಮನೆಯ ಮುಂದೆ ನಿಲ್ಲಿಸಿ ರೊಟ್ಟಿಯ ಬುತ್ತಿ ತೆಗೆದುಕೊಂಡ.

"ಈ ಗಾಡಿ ಎಡಕ್ಕೆ ಎಳೀತಿದೆ ಅಮೀನಾ. ಯಾಕೋ ಮನಸ್ಸಿಗೆ ಬರಲ್ಲ."

"ವೀರಪ್ನೋರಿಗೆ ಹೇಳಲಿಲ್ವಾ?"

"ಹೇಳ್ದೆ. ನಾಲ್ಕು ಊರು ದಾಟಿದ್ರೆ ಸರಿಹೋಗುತ್ತೆ ಅಂದ್ರು."

ತಾಳಗುಪ್ಪ ದಾಟಿ ಇಳಿಜಾರಿನ ತಿರುವಿನಲ್ಲಿ ಆ ಜೀಪು ಮಧ್ಯಕ್ಕೆ ಎರಡಾಯಿತು. ರಸ್ತೆ ಕೆಲಸದ ಕೂಲಿಗಳು ಕಣ್ಣಾರೆ ಕಂಡಿದ್ದರು: ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ಉರುಳಿ, ನಡುವೆ ಅಬ್ಬಾಸ್ ಅಲಿ. ಅವರ ಮಾತನ್ನು ಕೇಳುವವರು ಯಾರು? ಸಾಗರದಲ್ಲಿ ಬೇರೆ ಕೆಲಸಕ್ಕೆಂದು ಹೋಗಿದ್ದ ವೀರಪ್ಪ ಪೊಲೀಸಿನವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದ. ಅವತ್ತೇ ಗಾಡಿಯ ಎರಡೂ ತುಂಡು ಲಾರಿ ಹತ್ತಿ ಮಾಯವಾದವು.

ಮರುದಿನ ಅಬ್ಬಾಸನ ಮಯ್ಯತ್ತು, ಅಂದರೆ ಹೆಣ, ಮನೆಗೆ ಬಂದಾಗ ಎಲ್ಲರಿಗಿಂತ ಜೋರಾಗಿ ಅತ್ತವನು ವೀರಪ್ಪನೇ. ಅಂಗಳದಲ್ಲಿ ನಿಂತು, ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತ, ಬಂದವರಿಗೆಲ್ಲ ಹೇಳಿದ: "ಎಷ್ಟು ಸಲ ಹೇಳಿದ್ದೆ, ಕುಡಿದು ಗಾಡಿ ಹತ್ತಬೇಡ ಮಾರಾಯ ಅಂತ. ಕೇಳಲಿಲ್ಲ. ಸೀಟಿನ ಕೆಳಗೆ ಕಳ್ಳಭಟ್ಟಿ ಸೀಸೆ ಸಿಕ್ತು. ಸತ್ತೋನ ಬಗ್ಗೆ ಆಡಬಾರದು, ಬಿಡಿ."

ಆಡಬಾರದು ಎನ್ನುತ್ತಲೇ ಆಡಿದ ಮಾತು ಊರೆಲ್ಲ ಹಬ್ಬಿತು. ಸತ್ತವನಿಗೆ ಬಾಯಿಲ್ಲ, ಊರಿನ ಬಾಯಿಗೆ ಬಾಗಿಲಿಲ್ಲ. ಜನಾಜದ ಹಿಂದೆ ನಡೆದವರಲ್ಲಿ ಕೆಲವರು ಅರ್ಧ ದಾರಿಗೇ ಹಿಂದುಳಿದರು. "ಮೇಲೆ ನಮಾಜು, ಒಳಗೆ ಸೀಸೆ" ಎಂದು ಅಂಗಳದಲ್ಲಿ ಯಾರೋ ಪಿಸುಗುಟ್ಟಿದ್ದು ಗೋಡೆಯ ಈಚೆ ಕೂತಿದ್ದ ಅಮೀನಾಳ ಕಿವಿಗೂ ಬಿತ್ತು. ಅವಳ ಕಣ್ಣೀರು ಅಲ್ಲಿಗೇ ನಿಂತುಹೋಯಿತು. ಸುತ್ತ ಕೂತಿದ್ದ ಹೆಂಗಸರು ಆಘಾತದಿಂದ ಹೀಗಾಯಿತೆಂದು ತಿಳಿದು ಅಳಿಸಲು ನೋಡಿದರು. ಅವಳ ಎದೆಯೊಳಗೆ ಓಡುತ್ತಿದ್ದುದು ಒಂದೇ ಮಾತು: ಹೇಳಿದ ಬಾಯಲ್ಲೇ ಅದನ್ನು ನುಂಗಿಸಬೇಕು.

ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಅಣ್ಣ ಪೀರ್ ಬಾಷಾ ಬಂದು ಅವಳನ್ನೂ ಮಗಳನ್ನೂ ಭದ್ರಾವತಿಗೆ ಕರೆದುಕೊಂಡು ಹೋದ. ಹಳೇನಗರದಲ್ಲಿ ಅವನದೊಂದು ಗ್ಯಾಸ್ ವೆಲ್ಡಿಂಗ್ ಷೆಡ್ಡು. ಅಣ್ಣ ಬಹಳ ಪ್ರೀತಿಯಿಂದ ನೋಡಿಕೊಂಡ. ಶಮೀಮಳಿಗೆ ಕೇಳಿದ್ದೆಲ್ಲ ತಂದುಕೊಟ್ಟ, ತಂಗಿಗೆ ಒಂದು ಗಡಸು ಮಾತು ಆಡಲಿಲ್ಲ. ಅತ್ತಿಗೆ ಗುಲ್ಷನ್ ತನ್ನ ಮಂಚವನ್ನೇ ಬಿಟ್ಟುಕೊಟ್ಟಳು. ಆದರೆ ಅಮೀನಾಳಿಗೆ ಅಲ್ಲಿ ಉಸಿರಾಡಲಾಗಲಿಲ್ಲ. ವೈರಿ ಶಿವಮೊಗ್ಗದಲ್ಲಿ, ತಾನಿಲ್ಲಿ. ವರ್ಷ ತುಂಬುವ ಮೊದಲೇ ಮಗಳ ಕೈಹಿಡಿದು ವಾಪಸು ಬಂದು ಬಾಬು ಸಾಬರ ಅಂಗಡಿಯ ಮುಂದೆ ನಿಂತಳು.

ಬಾಬು ಸಾಬರು ವಯಸ್ಸಾದವರು, ಅವಳ ತಂದೆಯ ಸ್ನೇಹಿತರು. ಲಾರಿಯ ಟಾರ್ಪಾಲು, ಡೇರೆ, ಜೀಪಿನ ಹುಡ್ ಹೊಲಿಯುವ ಅಂಗಡಿ ಅವರದು.

"ಬಜಾರಿನಲ್ಲಿ ಹೆಂಗಸರು ಕೂತ್ಕೊಳ್ಳೋ ಕೆಲಸ ಅಲ್ವಲ್ಲ ಮಗಳೇ ಇದು," ಎಂದರು.

"ಹಿಂದೆ ಒಂದು ತಟ್ಟಿ ಕಟ್ಟಿಕೊಡಿ ಚಾಚಾ. ಜೀಪಿನ ಕೆಲಸ ನನಗಿರಲಿ."

ವೀರಪ್ಪನ ಜೀಪುಗಳೆಲ್ಲ ಹುಡ್ಡಿಗೆ ಬರುತ್ತಿದ್ದುದು ಅದೇ ಅಂಗಡಿಗೆ. ಸುದ್ದಿ ತಿಳಿದ ವೀರಪ್ಪ ಸ್ವತಃ ಬಂದು, ಹತ್ತು ಜನರಿಗೆ ಕೇಳುವ ಹಾಗೆ, "ಪಾಪದ ಬೂಬಮ್ಮ. ಗಂಡ ಹೆಂಗಿದ್ರೆ ಏನು, ಹೆಂಡ್ತಿ ಮಗು ಮಾಡಿದ ತಪ್ಪೇನು? ನಮ್ಮ ಹುಡ್ಡೆಲ್ಲ ಅವಳಿಗೇ ಕೊಡಿ ಸಾಬ್ರೇ" ಎಂದ. ಗಾಯದ ಮೇಲೆ ಉಪ್ಪು ಸವರಿ, ಅದಕ್ಕೆ ದಾನವೆಂದು ಹೆಸರಿಟ್ಟ ಹಾಗಾಯಿತು. ಅಮೀನಾ ತಟ್ಟಿಯ ಹಿಂದೆ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು. ಗಂಡನನ್ನು ಕೊಂದ ಕೆಲಸದಲ್ಲೇ ಅನ್ನ ಹುಡುಕಿದಳೆಂದು ಕೇರಿಯವರು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸ ಬೇಗ ಕೈಗೆ ಹತ್ತಿತು. ಒಂದು ವಿಷಯ ಮಾತ್ರ ಅವಳನ್ನು ಕಾಡಿತು. ಬೇರೆ ಜೀಪುಗಳಿಗೆ ಹೊಲಿದ ಹುಡ್ಡು ಅಂಗಿಯ ಹಾಗೆ ಕೂರುತ್ತಿತ್ತು. ವೀರಪ್ಪನ ಜೀಪಿಗೆ ಹೊಲಿದದ್ದು ಒಂದು ಪಕ್ಕ ಬಿಗಿದು, ಇನ್ನೊಂದು ಪಕ್ಕ ಸುಕ್ಕುಗಟ್ಟುತ್ತಿತ್ತು. ಕತ್ತರಿಸಿದ್ದು ತಪ್ಪಾಯಿತೆಂದು ಬಾಬು ಸಾಬರು ಗೊಣಗಿದರು. ಅವಳು ಬಿಚ್ಚಿ ಮತ್ತೆ ಅಳೆದಳು. ಬಟ್ಟೆ ಸರಿಯಾಗಿತ್ತು, ಗಾಡಿಯೇ ಸೊಟ್ಟಗಿತ್ತು.

ಅಂಗಡಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಗೋಣಿಚೀಲ ಹಾಸಿ ಜೀಪಿನ ಕೆಳಗೆ ನುಸುಳಿದಳು. ಗಾಡಿಯ ಬೆನ್ನೆಲುಬಾದ ಚಾಸಿಯ ಉದ್ದಕ್ಕೂ ಬೆರಳಾಡಿಸುತ್ತ ಬಂದಾಗ ನಡುವೆ ಒಂದು ಕಡೆ ಕಬ್ಬಿಣ ಉಬ್ಬಿದಂತಿತ್ತು. ಕತ್ತರಿಯ ಮೊನೆಯಿಂದ ಕೆರೆದಳು. ಒಣಗಿದ ಪುಟ್ಟಿ ಹೆಕ್ಕಳಿಕೆಯಾಗಿ ಮುಖದ ಮೇಲೆ ಉದುರಿತು. ಅದರಡಿಯಲ್ಲಿ ಒಡೆದ ಹಾಲಿನ ಹಾಗೆ ಗಂಟುಗಂಟಾದ ಬೆಸುಗೆ.

ಗಂಡ ಬಾಗಿಲಲ್ಲಿ ನಿಂತು ಆಡಿದ್ದ ಮಾತಿನ ಅರ್ಥ ಅವಳಿಗೆ ಆಗ ಹೊಳೆಯಿತು. ಆ ಗಾಡಿಯೂ ಹೀಗೆ ಬೆಸೆದದ್ದೇ. ಇಳಿಜಾರಿನಲ್ಲಿ ಬಿಟ್ಟುಕೊಂಡದ್ದು ಇಂಥದೇ ಜಾಗ. ಜೀಪಿನ ಕೆಳಗೆ ಮಲಗಿದಲ್ಲೇ ಅವಳು ಬಹಳ ಹೊತ್ತು ಮಲಗಿದ್ದಳು. ಎದ್ದು ಬಂದಾಗ ಮುಖದ ತುಂಬ ಧೂಳು, ಕಣ್ಣು ಮಾತ್ರ ಕೆಂಡ.

ಬಾಬು ಸಾಬರಿಗೆ ತೋರಿಸಿದಳು. ಮುದುಕರು ಗಡ್ಡ ನೀವಿಕೊಂಡು, "ಪೊಲೀಸಿಗೆ ಹೋಗೋಣ" ಎಂದರು.

"ಪೊಲೀಸಿಗೆ ಹೋದ್ರೆ ಅವನು ಒಂದೇ ದಿನದಲ್ಲಿ ಮುಗಿಸ್ಕೊಂಡು ಬರ್ತಾನೆ ಚಾಚಾ. ನಾನು ಅವನನ್ನ ನಿಧಾನಕ್ಕೆ ಮುಗಿಸ್ತೀನಿ."

ಅಂದಿನಿಂದಲೇ ಶುರು ಮಾಡಿದಳು. ಆ ಜೀಪನ್ನು ಕೊಂಡಿದ್ದವರು ಸೋಗಾನೆಯ ಕೃಷ್ಣಪ್ಪ, ಹೊಲ ಗದ್ದೆ ಇದ್ದ ಭಾರಿ ಮೈಯ ಮನುಷ್ಯ. ಸಂಜೆ ಹುಡ್ಡು ನೋಡಲು ಬಂದವರಿಗೆ ತಟ್ಟಿಯ ಹಿಂದಿನಿಂದಲೇ ಹೇಳಿದಳು:

"ಕೃಷ್ಣಪ್ಪಣ್ಣ, ಇದಕ್ಕೆ ನಾನು ಹುಡ್ ಹೊಲಿಯಲ್ಲ."

"ಯಾಕಮ್ಮ, ಬಟ್ಟೆ ಇಲ್ವಾ?"

"ಬಟ್ಟೆ ಇದೆ. ಗಾಡಿ ಇಲ್ಲ. ಎರಡು ಹೆಣ ಸೇರಿಸಿ ಹೊಲಿದಿದ್ದಾರೆ. ಇದರಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಹೋಗ್ತೀರಾ? ಬಗ್ಗಿ ನೋಡಿ."

ಕೃಷ್ಣಪ್ಪ ಪಂಚೆ ಎತ್ತಿಕಟ್ಟಿ ಬಗ್ಗಿ ನೋಡಿದರು. ಎದ್ದವರು ಜೀಪು ಹತ್ತಿ, ಸೀದಾ ವೀರಪ್ಪನ ಷೆಡ್ಡಿಗೆ ನುಗ್ಗಿಸಿ, ಅವನು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಮಣೆಯ ಮುಂದೆಯೇ ನಿಲ್ಲಿಸಿದರು. ಆಮೇಲೆ ಅಲ್ಲಿ ಎದ್ದ ಗಲಾಟೆ ರೈಲ್ವೆ ಗೇಟಿನವರೆಗೂ ಕೇಳಿಸಿತಂತೆ. ವೀರಪ್ಪ ಬೆಸುಗೆಯಿಲ್ಲದ ಬೇರೆ ಜೀಪು ಹುಡುಕಿ ಕೊಟ್ಟು ಸಮಾಧಾನ ಮಾಡಿದ. ಆದರೆ ಕೃಷ್ಣಪ್ಪನವರ ನಾಲಿಗೆಯನ್ನು ಕಟ್ಟಿಹಾಕುವ ಹಗ್ಗ ಅವನ ಷೆಡ್ಡಿನಲ್ಲಿರಲಿಲ್ಲ. ಸಂತೆ, ಅಕ್ಕಿ ಗಿರಣಿ, ಮದುವೆ ಮನೆ, ಹೋದಲ್ಲೆಲ್ಲ ಹೇಳಿದರು: "ಜೀಪು ಕೊಂಡ್ರೆ ಮೊದಲು ಅಮೀನಮ್ಮನಿಗೆ ತೋರಿಸ್ರಪ್ಪ."

ಜನ ತೋರಿಸಿದರು. ಅವಳ ಟೇಪು ಒಂದೊಂದಾಗಿ ವೀರಪ್ಪನ ಗಾಡಿಗಳನ್ನು ಹಿಂದಕ್ಕೆ ಕಳಿಸಿತು. ಒಳ್ಳೆಯದನ್ನು ಅವಳು ಕೆಟ್ಟದೆನ್ನಲಿಲ್ಲ. ಆ ಸುಳ್ಳು ಅವಳಿಗೆ ಬೇಕಾಗಿಯೂ ಇರಲಿಲ್ಲ. ಪ್ರತಿ ಜೀಪು ವಾಪಸಾದಾಗಲೂ ಒಳಗೊಳಗೇ ಒಂದು ತಂಪು. ಬಿ.ಎಚ್. ರಸ್ತೆಯಲ್ಲಿ ಹಾದು ಹೋಗುವಾಗ ಬೇಕೆಂದೇ ನಡಿಗೆ ನಿಧಾನ ಮಾಡಿ, ಷೆಡ್ಡಿನಲ್ಲಿ ಮಾರಾಟವಾಗದೆ ನಿಂತ ಗಾಡಿಗಳ ಮೇಲೆ ಧೂಳು ಕೂತದ್ದನ್ನು ಕಣ್ತುಂಬ ನೋಡಿಕೊಂಡು ಬರುತ್ತಿದ್ದಳು. ವೀರಪ್ಪ ಅವಳಿಗೆ ಹುಡ್ಡಿನ ಕೆಲಸ ಕೊಡುವುದನ್ನು ನಿಲ್ಲಿಸಿದ. ಅಂಗಡಿಯನ್ನೇ ಎತ್ತಿಸುತ್ತೇನೆಂದು ಬಾಬು ಸಾಬರಿಗೆ ಹೇಳಿ ಕಳಿಸಿದ. ಮುದುಕರು, "ಎತ್ತಿಸಲಿ, ಟಾರ್ಪಾಲು ಅಂಗಡಿ ತಾನೆ, ಮಡಚಿಕೊಂಡು ಬೇರೆ ಕಡೆ ಬಿಚ್ಚೋಣ" ಎಂದು ನಕ್ಕುಬಿಟ್ಟರು.

ಹೀಗೆ ವರ್ಷಗಳು ಸರಿದವು. ಶಮೀಮ್ ದೊಡ್ಡವಳಾದಳು. ತರೀಕೆರೆಯ ಒಳ್ಳೆಯ ಮನೆತನದಿಂದ ಸಂಬಂಧ ಬಂತು. ಹುಡುಗ ಬಸ್ ಕಂಪನಿಯಲ್ಲಿ ಮೆಕ್ಯಾನಿಕ್ಕು. ಹೆಂಗಸರು ಬಂದು ನೋಡಿ, ಹುಡುಗಿಯ ಬಾಯಿಗೆ ಸಕ್ಕರೆ ಹಾಕಿ ಹೋದರು. ಕೆಲವು ದಿನಗಳಲ್ಲೇ ಮಧ್ಯಸ್ಥಿಕೆಯ ಹೆಂಗಸು ತಲೆ ತಗ್ಗಿಸಿ ಬಂದಳು.

"ಯಾರೋ ಅವರ ಕಿವಿ ಊದಿದ್ದಾರೆ ಅಮೀನಾ. ಕುಡಿದು ಸತ್ತೋನ ಮಗಳು ಬೇಡ ಅಂತಾರೆ."

ಅಡುಗೆಮನೆಯಲ್ಲಿದ್ದ ಶಮೀಮ್ ಹೊರಗೆ ಬರಲಿಲ್ಲ, ಅಳಲೂ ಇಲ್ಲ. ಅಮೀನಾಳಿಗೆ ಆಗ ತಿಳಿಯಿತು: ಇಷ್ಟು ವರ್ಷ ತಾನು ಕಡಿದದ್ದು ಬರೀ ಕೊಂಬೆ. ವೀರಪ್ಪನ ವ್ಯಾಪಾರ ಬಿದ್ದಿತ್ತು, ಅವನು ಆಡಿದ ಮಾತು ಮಾತ್ರ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು.

ಅವತ್ತೇ ಚಾದರ ಹೊದ್ದು ವೀರಪ್ಪನ ಷೆಡ್ಡಿಗೆ ಹೋದಳು. ಅವನು ಸೊರಗಿದ್ದ. ಮಾತಿನ ಬೆಣ್ಣೆ ಕರಗಿ, ಒಳಗಿನ ಚೂರಿ ಕಾಣುತ್ತಿತ್ತು.

"ಅವರು ಕುಡೀತಿರಲಿಲ್ಲ ಅಂತ ತರೀಕೆರೆಯವರಿಗೆ ಒಂದು ಮಾತು ಹೇಳಿ," ಎಂದಳು. "ಅಷ್ಟು ಹೇಳಿದ್ರೆ ನಿಮ್ಮ ಜೀಪಿನ ತಂಟೆಗೆ ನಾನು ಬರಲ್ಲ."

ವೀರಪ್ಪ ಎಲೆಅಡಿಕೆ ಉಗಿದು ನಕ್ಕ. "ನನ್ನ ಅನ್ನಕ್ಕೆ ಮಣ್ಣು ಹಾಕಿ ಈಗ ಭಿಕ್ಷೆಗೆ ಬಂದ್ಯಾ? ನಾನೊಬ್ಬನೇ ಪಾಪಿ ಅಂತ ಊರೆಲ್ಲ ಸಾರಿದೆಯಲ್ಲ, ನಿನ್ನ ಗಂಡನ ಗಾಡಿಗೆ ಬೆಸುಗೆ ಹಾಕಿದ ಕೈ ಯಾರದು ಅಂತ ಗೊತ್ತೇನೆ ನಿನಗೆ? ಹೋಗು, ಭದ್ರಾವತಿ ಬಸ್ ಹತ್ತು. ನಿಮ್ಮಣ್ಣನ್ನ ಕೇಳು."

ಅಮೀನಾ ಷೆಡ್ಡಿನಿಂದ ಹೊರಬಿದ್ದಳು. ಕಾಲು ತಾನಾಗಿಯೇ ಬಸ್ ಸ್ಟ್ಯಾಂಡಿಗೆ ನಡೆಯಿತು. ಮಾಚೇನಹಳ್ಳಿ ದಾಟಿದ್ದು, ಸೇತುವೆ ದಾಟಿದ್ದು ಯಾವುದೂ ಅವಳ ಗಮನಕ್ಕೆ ಬರಲಿಲ್ಲ. ಹಳೇನಗರದ ಷೆಡ್ಡಿನ ಮುಂದೆ ನಿಂತಾಗ ಪೀರ್ ಬಾಷಾ ಕಪ್ಪು ಕನ್ನಡಕ ಹಾಕಿಕೊಂಡು ಬೆಂಕಿಯ ನಾಲಿಗೆಯಡಿ ಕಬ್ಬಿಣ ಕರಗಿಸುತ್ತಿದ್ದ.

"ಭಾಯಿ, ಅವರ ಗಾಡಿ ಬೆಸೆದಿದ್ದು ನೀನಾ?"

ಯಾವ ಗಾಡಿ ಎಂದು ಅವನು ಕೇಳಲಿಲ್ಲ. ಗ್ಯಾಸು ಆರಿಸಿ, ಕನ್ನಡಕ ಹಣೆಗೇರಿಸಿ, ಹಾಗೇ ನೆಲಕ್ಕೆ ಕೂತ. ಅವಳಿಗೆ ಉತ್ತರ ಸಿಕ್ಕಿತ್ತು.

"ಗದ್ದೆ ಕೆಲಸಕ್ಕೆ ಅಂದಿದ್ರು ಅಮೀನಾ. ಘಟ್ಟಕ್ಕೆ ತಡಿಯಲ್ಲ ಅಂತ ನಾನೇ ಹೇಳಿದ್ದೆ. ಅಬ್ಬಾಸ್ ಅದನ್ನ ತಗೊಂಡು ಹೋಗ್ತಾನೆ ಅಂತ ಗೊತ್ತಿರಲಿಲ್ಲ. ಖುದಾ ಕಸಮ್."

"ತಗೊಂಡು ಹೋಗೋದು ಗೊತ್ತಿರಲಿಲ್ಲ. ಸತ್ತ ಮೇಲೆ ಗೊತ್ತಾಯ್ತಲ್ಲ?"

ಅವನು ಕನ್ನಡಕ ಕಳಚಿ ಮಡಿಲಲ್ಲಿಟ್ಟುಕೊಂಡ.

"ಜನಾಜಕ್ಕೆ ಹೆಗಲು ಕೊಟ್ಟೋನು ನೀನು. ಕುಡುಕ ಅಂತ ಅವನು ಅಂಗಳದಲ್ಲಿ ನಿಂತು ಹೇಳ್ವಾಗ ನೀನು ಅಲ್ಲೇ ಇದ್ದೆ."

"ಜೈಲಾಗುತ್ತೆ ಅಂತ ಹೆದರಿಸಿದ. ನನ್ನ ಮಕ್ಕಳು ಚಿಕ್ಕೋರಿದ್ರು..."

"ನನ್ನ ಮಗಳು ದೊಡ್ಡೋಳಿದ್ಲಾ?"

ಗುಲ್ಷನ್ ಓಡಿ ಬಂದು ನಾದಿನಿಯ ಕೈಹಿಡಿದಳು. ಅವಳಿಗೂ ಗೊತ್ತಿತ್ತೆಂದು ಅವಳು ಕಣ್ಣು ತಪ್ಪಿಸಿದ್ದೇ ಹೇಳಿತು. ಅಮೀನಾ ಕೈ ಬಿಡಿಸಿಕೊಂಡಳು. ಅಣ್ಣನ ಪ್ರೀತಿ, ಬಿಟ್ಟುಕೊಟ್ಟ ಮಂಚ, ಶಮೀಮಳಿಗೆ ತಂದುಕೊಟ್ಟ ಬಟ್ಟೆಬರೆ, ಎಲ್ಲವೂ ಒಂದೇ ಗಳಿಗೆಯಲ್ಲಿ ವಿಷವಾಗಿ ಹೋದವು.

"ವೀರಪ್ಪನ ಷೆಡ್ಡಿನಲ್ಲಿ ನಿಂತು, ನಾಲ್ಕು ಜನರ ಮುಂದೆ ಇದನ್ನ ಹೇಳ್ತೀಯಾ?"

"ನನಗೆ ಇನ್ಯಾರು ಕೆಲಸ ಕೊಡ್ತಾರೆ ಅಮೀನಾ? ಅದೊಂದು ಕೇಳ್ಬೇಡ."

ಅವಳು ಅಣ್ಣನ ಮನೆಯ ಜಗಲಿಯ ಮೇಲೆ ಕೂತುಬಿಟ್ಟಳು. ಅತ್ತಿಗೆ ತಂದ ನೀರನ್ನು ಮುಟ್ಟಲಿಲ್ಲ. "ಈ ಮನೆ ನೀರು ಈಗ ಗಂಟಲಲ್ಲಿ ಇಳಿಯಲ್ಲ ಭಾಬಿ" ಎಂದಳು. ಪಕ್ಕದ ಮನೆಯ ತಮಿಳು ಹೆಂಗಸು ಕೊಟ್ಟ ಗಂಜಿ ಕುಡಿದು ಅಲ್ಲೇ ಇದ್ದಳು. ಕಾರ್ಖಾನೆ ಕೆಲಸಕ್ಕೆ ಹೋಗುವವರು, ಬರುವವರು ನಿಂತು ನೋಡಿದರು. ಏನಾಯಿತಮ್ಮ ಎಂದು ಕೇಳಿದವರಿಗೆಲ್ಲ ಅವಳ ಉತ್ತರ ಒಂದೇ: "ನಮ್ಮಣ್ಣನ್ನ ಕೇಳಿ." ಪೀರ್ ಬಾಷಾ ಮೊದಮೊದಲು ಹಿಂದಿನ ಬಾಗಿಲಿನಿಂದ ಓಡಾಡಿದ. ಆಮೇಲೆ ಮನೆಯಿಂದ ಹೊರಗೇ ಬರಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಬಂದು ಅವಳ ಮುಂದೆ ನಿಂತ. ಗಡ್ಡ ಕೆದರಿತ್ತು, ಕಣ್ಣು ಊದಿತ್ತು.

"ಏಳು. ಯಾವತ್ತು ಹೇಳ್ಬೇಕು, ಹೇಳು."

ಮುಂದಿನ ಭಾನುವಾರವೇ ವೀರಪ್ಪ ದೊಡ್ಡ ಮಾರಾಟ ಇಟ್ಟುಕೊಂಡಿದ್ದ. ಶಿವಮೊಗ್ಗದ ಜನ ಕೊಳ್ಳದಿದ್ದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯವರು ಕೊಂಡಾರು ಎಂದು ಹತ್ತಾರು ಜೀಪು ಸಾಲಾಗಿ ನಿಲ್ಲಿಸಿ, ಬಾಳೆಕಂಬ ಕಟ್ಟಿಸಿ, ವಾಲಗದವರನ್ನೂ ಕರೆಸಿದ್ದ. ದೂರದವರು ಬಂದು ಬಾನೆಟ್ಟು ತಟ್ಟಿ ನೋಡುತ್ತಿದ್ದರು. ಸೋಗಾನೆಯ ಕೃಷ್ಣಪ್ಪನವರು ಅಮೀನಾ ಹೇಳಿ ಕಳಿಸಿದ್ದಕ್ಕೆ ಊರಿನವರನ್ನು ಕಟ್ಟಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದರು. ವ್ಯಾಪಾರ ಕುದುರುವ ಹೊತ್ತಿಗೆ ಅಣ್ಣ ತಂಗಿ ಒಳಗೆ ಬಂದರು. ಪೀರ್ ಬಾಷಾನ ಕೈಯಲ್ಲಿ ಸುತ್ತಿಗೆ.

ವೀರಪ್ಪನ ಮುಖ ಬಿಳಿಚಿತು. "ಏ, ಇವರನ್ನ ಯಾರು ಒಳಗೆ ಬಿಟ್ರು?"

"ನಾನು ಬಿಟ್ಟೆ," ಎಂದರು ಕೃಷ್ಣಪ್ಪ.

ಪೀರ್ ಬಾಷಾ ಯಾರ ಮುಖವನ್ನೂ ನೋಡಲಿಲ್ಲ. ಮೊದಲನೆಯ ಜೀಪಿನ ಪಕ್ಕ ಮಂಡಿಯೂರಿ, ಸುತ್ತಿಗೆ ಬೀಸಿ ಚಾಸಿಗೆ ಹೊಡೆದ. ಹಸಿರು ಬಣ್ಣ ಬಿರಿದು, ಪುಟ್ಟಿ ಹೋಳುಹೋಳಾಗಿ ಬಿತ್ತು. "ಇದು ನನ್ನ ಬೆಸುಗೆ," ಎಂದ. ಎರಡನೆಯದಕ್ಕೆ ಹೋದ. "ಇದೂ ನಂದೇ." ವಾಲಗ ನಿಂತಿತು. ಅವನು ಸಾಲಿನ ಉದ್ದಕ್ಕೂ ಹೊಡೆಯುತ್ತ ಹೋದ. ಕೊಳ್ಳಲು ಬಂದವರು ಬಗ್ಗಿ ಬಗ್ಗಿ ನೋಡುತ್ತ ಅವನ ಹಿಂದೆ ನಡೆದರು. ಸಾಲು ಮುಗಿದಾಗ ಎದ್ದು ನಿಂತು, ಏದುಸಿರು ಬಿಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ನನ್ನ ತಂಗಿ ಗಂಡ ಅಬ್ಬಾಸ್ ಅಲಿ ಸತ್ತ ಗಾಡಿಗೂ ಬೆಸುಗೆ ಹಾಕಿದ್ದು ನಾನೇ. ಅದು ಬಿಟ್ಟುಕೊಂಡೇ ಅವನು ಸತ್ತ. ಅವನು ಹನಿ ಮುಟ್ಟಿದೋನಲ್ಲ. ನನಗೆ ಗೊತ್ತಿತ್ತು. ಈ ಯಜಮಾನ್ರಿಗೂ ಗೊತ್ತಿತ್ತು."

ವೀರಪ್ಪ, "ಸುಳ್ಳು, ಹೊಟ್ಟೆಕಿಚ್ಚಿನ ಮಾತು" ಎಂದು ಕೂಗಲು ಹೋದ. ಸುತ್ತಲೂ ನೋಡಿದರೆ ಒಬ್ಬನ ಮುಖದಲ್ಲೂ ನಂಬಿಕೆಯಿಲ್ಲ. ಒಬ್ಬ ಗಿರಾಕಿ ಅವನ ಶಲ್ಯದ ತುದಿ ಹಿಡಿದಿದ್ದ, ಇನ್ನೊಬ್ಬ ತೋಳು ಮಡಚುತ್ತಿದ್ದ. ಅಮೀನಾ ಚಾದರ ಸರಿಮಾಡಿಕೊಂಡು ಅವನ ಎದುರಿಗೆ ಬಂದಳು. ಜನ ದಾರಿ ಬಿಟ್ಟರು.

"ಅವರು ಕುಡಿದಿರಲಿಲ್ಲ ಅಂತ ಹೇಳಿ."

ವೀರಪ್ಪ ತುಟಿ ಅಲ್ಲಾಡಿಸಿದ. "ಕುಡಿದಿರಲಿಲ್ಲ."

"ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಹೆಸರು ಹಿಡಿದು ಹೇಳಿ."

"ಅಬ್ಬಾಸ್ ಅಲಿ ಕುಡಿದಿರಲಿಲ್ಲ."

"ಮತ್ತೆ ಆ ಸೀಸೆ ಎಲ್ಲಿಂದ ಬಂತು?"

ಅದಕ್ಕೆ ಅವನು ಶಲ್ಯದಿಂದ ಮುಖ ಮುಚ್ಚಿಕೊಂಡ. ಉತ್ತರ ಯಾರಿಗೂ ಬೇಕಾಗಿಯೂ ಇರಲಿಲ್ಲ. ಅಮೀನಾ ಅವನು ಮುಖ ತೆಗೆಯುವವರೆಗೂ ಅಲ್ಲೇ ನಿಂತಿದ್ದು, ಆ ಮುಖವನ್ನು ಚೆನ್ನಾಗಿ ನೋಡಿಕೊಂಡು, ಹೊರಗೆ ನಡೆದಳು.

ವೀರಪ್ಪನ ಮೇಲೆ ಕೇಸಾಯಿತು. ಕೇಸಿನ ಕಥೆ ಹೇಗೆ ಎಳೆದಾಡಿತೋ, ಅದು ಬೇರೆ. ಆದರೆ ಷೆಡ್ಡು ಆಮೇಲೆ ತೆರೆಯಲಿಲ್ಲ. ಸಾಲಾಗಿ ನಿಂತ ಜೀಪುಗಳು ಎರಡು ಮಳೆಗಾಲ ತೊಯ್ದು ತುಕ್ಕು ಹಿಡಿದು, ಗುಜರಿಯವರ ಲಾರಿ ಹತ್ತಿದವು. ಅವು ಗಾಂಧಿಬಜಾರಿನ ದಾರಿಯಾಗಿ ಹೋದ ದಿನ ಅಮೀನಾ ಹೊಲಿಗೆ ನಿಲ್ಲಿಸಿ, ತಟ್ಟಿ ಸರಿಸಿ, ಕೊನೆಯ ಲಾರಿ ಮರೆಯಾಗುವವರೆಗೂ ನೋಡಿದಳು. ವೀರಪ್ಪ ಹೆಂಡತಿಯ ಊರು ಸೇರಿದ. ಅಲ್ಲಿ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದಾನೆಂದು ಯಾರೋ ಹೇಳಿದಾಗ, "ಹಾಸಿಗೆ ಮೆತ್ತಗಿದೆಯಂತಾ?" ಎಂದಷ್ಟೇ ಕೇಳಿದಳಂತೆ.

ಪೀರ್ ಬಾಷಾ ಹೇಳಿದಂತೆಯೇ ಆಯಿತು. ಬೆಸುಗೆಯ ಕೆಲಸಕ್ಕೆ ಅವನ ಹತ್ತಿರ ಯಾರೂ ಹೋಗಲಿಲ್ಲ. ಷೆಡ್ಡು ಮಾರಿ, ಭದ್ರಾವತಿಯಲ್ಲೇ ಲಾರಿಗೆ ಲೋಡು ಹೊತ್ತು ಬದುಕಿದ. ತಂಗಿ ಒಂದು ದಿನವೂ ಅತ್ತ ತಲೆ ಹಾಕಲಿಲ್ಲ.

ಒಮ್ಮೆ ಕೃಷ್ಣಪ್ಪನವರು ಕೇಳಿಯೇಬಿಟ್ಟರು: "ಹೊಟ್ಟೆ ತಣ್ಣಗಾಯ್ತೇನಮ್ಮ? ಅಣ್ಣ ಬಂದು ಹೇಳಿದ್ನಲ್ಲ, ಇನ್ನಾದ್ರೂ ಅವನನ್ನ ಬಿಟ್ಟುಬಿಡು."

"ವೀರಪ್ಪ ಹೊರಗಿನೋನು ಕೃಷ್ಣಪ್ಪಣ್ಣ. ಹೊರಗಿನೋರು ಮಾಡಿದ್ದಕ್ಕೆ ಒಂದು ಕೊನೆ ಇರುತ್ತೆ."

ತರೀಕೆರೆಯವರು ತಾವಾಗಿಯೇ ಮತ್ತೆ ಬಂದರು. ನಿಕಾಹ್ ನಿಶ್ಚಯವಾಯಿತು. "ಮಾಮೂಗೆ ಹೇಳಲ್ವಾ ಅಮ್ಮಿ?" ಎಂದು ಶಮೀಮ್ ಕೇಳಿದಳು. ಅಮೀನಾ ಸೂಜಿಗೆ ದಾರ ಪೋಣಿಸುತ್ತ, "ನಿನಗೆ ಮಾಮು ಇಲ್ಲ" ಎಂದಳು. ಮದುವೆಯ ಹಿಂದಿನ ದಿನ ಗುಲ್ಷನ್ ಯಾರದೋ ಕೈಲಿ ಒಂದು ದೊಡ್ಡ ಪಾತ್ರೆ ಖೀರು ಕಳಿಸಿದ್ದಳು. ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುವುದು ಎಲ್ಲರ ಮನೆಯ ಪದ್ಧತಿ. ಅಮೀನಾ ಖೀರನ್ನು ಬೀದಿಯ ಮಕ್ಕಳಿಗೆ ಹಂಚಿಸಿ, ಪಾತ್ರೆಯನ್ನು ಬೂದಿ ಹಾಕಿ ಫಳಫಳ ತೊಳೆದು, ಬರಿದಾಗಿಯೇ ಕಳಿಸಿದಳು.

ಮದುಮಗಳನ್ನು ತರೀಕೆರೆಗೆ ಕರೆದುಕೊಂಡು ಹೋಗಲು ಕೃಷ್ಣಪ್ಪನವರು ತಮ್ಮ ಜೀಪನ್ನೇ ಕೊಟ್ಟಿದ್ದರು. ಅದಕ್ಕೆ ಅಮೀನಾ ಹೊಸ ಹುಡ್ ಹೊಲಿದು, ಒಳಗಡೆ ಕೆಂಪು ಅಂಚು ಕೊಟ್ಟಿದ್ದಳು. ಭದ್ರಾವತಿ ಮುಟ್ಟಿದಾಗ ಶಮೀಮ್ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಜೀಪು ಹಳೇನಗರದ ಕಡೆ ತಿರುಗಿತು. ಗೋಣಿಚೀಲದ ಧೂಳು ಮೆತ್ತಿಕೊಂಡು ಮನೆಯ ಮುಂದೆ ನಿಂತಿದ್ದ ಪೀರ್ ಬಾಷಾ, ಇಳಿದು ಬಂದ ಮದುಮಗಳನ್ನು ನೋಡಿ, ಕೈ ಎತ್ತಲೂ ಹೆದರಿ ನಿಂತ. ಶಮೀಮ್ ತಾನೇ ಅವನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ವಾಪಸು ಬಂದ ಡ್ರೈವರು ಇದನ್ನು ಅಮೀನಾ ಬೀಗೆ ಹೇಳಿದ. ಅವಳು ಹೊಲಿಗೆಯ ದಾರ ಕಚ್ಚಿ ಕಡಿದಳು.

"ಅವಳ ಇಷ್ಟ," ಎಂದಳು. "ಅವಳು ಅವಳ ಅಪ್ಪನ ಹಾಗೆ. ನನ್ನ ಹಾಗಲ್ಲ."

ಹೊರಗೆ ಯಾರೋ ಹೊಸದಾಗಿ ಕೊಂಡ ಜೀಪು ತಂದು ನಿಲ್ಲಿಸಿ ಹಾರನ್ನು ಹೊಡೆಯುತ್ತಿದ್ದರು. ಅಮೀನಾ ಬೀ ಟೇಪು ತೆಗೆದುಕೊಂಡು ಎದ್ದಳು.